ದಸರೆಯ ನಗರವೂ ನೆಂಟರ ಮನೆಯೂ

ಹಬ್ಬ ಬಂದರೆ ಊರಿಗೆ ಹೋಗುವುದು ನಮ್ಮವರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಯುಗಾದಿಗಾಗಲಿ ಗೌರಿಹಬ್ಬಕ್ಕಾಗಲಿ ಪಟ್ಟಣವಾಸಿಗಳು ಹುಟ್ಟೂರಿನ ದಾರಿ ಹಿಡಿಯುತ್ತಾರೆ. ಮೈಸೂರು ಸೀಮೆಯವರಾದ ನಮಗೆ ಇದಕ್ಕೆ ವಿಪರೀತವಾದ ಹಬ್ಬವೊಂದುಂಟು. ದಸರೆ ಬಂದಿತೆಂದರೆ ನಾವು ಊರು ಬಿಟ್ಟು ನಗರಕ್ಕೆ ಹೊರಡುತ್ತೇವೆ. ಆಯುಧಪೂಜೆ, ವಿಜಯದಶಮಿ, ಅವುಗಳಿಗೆ ಅಂಟಿಕೊಂಡಂತೆ ಒಂದು ಭಾನುವಾರ, ಇಷ್ಟು ದೊರೆತರೆ ಸಾಕು. ಗಂಟುಮೂಟೆ ಕಟ್ಟಿಕೊಂಡು, ಮಕ್ಕಳ ಕೈಹಿಡಿದುಕೊಂಡು, ಮೈಸೂರಿನಲ್ಲಿರುವ ಅತ್ತೆಯ ಮನೆಗೋ ಚಿಕ್ಕಪ್ಪನ ಮನೆಗೋ ಸ್ನೇಹಿತರ ಮನೆಗೋ ಹೋಗಿ ಇಳಿದುಬಿಡುತ್ತೇವೆ.

ಮೈಸೂರಿನ ದಸರೆಯನ್ನು ಕುರಿತು ಬರೆದವರು ಬಹುಮಂದಿ. ಆನೆ, ಅಂಬಾರಿ, ದರ್ಬಾರು, ದೀಪಾಲಂಕಾರ ಇವುಗಳ ವರ್ಣನೆಗೆ ಕೊರತೆಯಿಲ್ಲ. ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಅವುಗಳಿಗೆ ಸಂಬಂಧಿಸಿದುದಲ್ಲ. ಸವಾರಿ ಮುಗಿದು, ಪಂಜುಗಳು ಆರಿ, ಕತ್ತಲಾದ ಮೇಲೆ ಅಷ್ಟು ದೊಡ್ಡ ಜನಸಮೂಹವು ಎಲ್ಲಿ ಉಂಡಿತು, ಎಲ್ಲಿ ಮಲಗಿತು? ಅವರಿಗೆಲ್ಲ ಅನ್ನ ಬೇಯಿಸಿದವರು ಯಾರು? ಪ್ರಶ್ನೆ ಬಹು ಸಾಮಾನ್ಯವಾದುದೆಂದು ತೋರಬಹುದು. ಆದರೆ ಈ ಸಾಮಾನ್ಯವಾದ ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದು ನಗರವು ರಜೆಯ ನಗರವಾದ ಬಗೆ ನಮಗೆ ತಿಳಿದುಬರುತ್ತದೆ. ಅದರೊಡನೆ, ಆ ರಜೆಯ ಬೆಲೆಯನ್ನು ತೆತ್ತವರು ಯಾರೆಂಬುದೂ ತಿಳಿಯುತ್ತದೆ.

ಮೊದಲು ರಜೆ ಎಂಬುದರ ವಿಚಾರವಾಗಿ ಎರಡು ಮಾತು. ವಾರಕ್ಕೊಂದು ದಿನ ಕೆಲಸಕ್ಕೆ ಬಿಡುವು ಎಂಬ ಕಟ್ಟಳೆ ನಮ್ಮ ಪೂರ್ವಿಕರಲ್ಲಿ ಸರ್ವರಿಗೂ ಅನ್ವಯಿಸುವಂತೆ ಇರಲಿಲ್ಲ. ವೇದಪಾಠದವರಿಗೆ ಪಾಡ್ಯ, ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳಾಗಿದ್ದವು. ಬೇಸಾಯಗಾರರಿಗೆ ಮಳೆಯೇ ಪಂಚಾಂಗ. ಬಿತ್ತನೆಗೂ ಕುಯಿಲಿಗೂ ನಡುವಣ ಬಿಡುವೇ ಅವರ ರಜೆ. ಉಳಿದಂತೆ ಜಾತ್ರೆ, ತೇರು, ಹಬ್ಬ. ಭಾನುವಾರದ ರಜೆ ಇಂಗ್ಲಿಷರ ಕಚೇರಿಗಳೊಡನೆ ಬಂದುದು. ಅದು ಕೂಡ ಬರಿಯ ಗುಮಾಸ್ತರಿಗೂ ಶಾಲೆಯ ಮಕ್ಕಳಿಗೂ ದೊರಕಿದ ಭಾಗ್ಯವಾಗಿತ್ತೇ ಹೊರತು ಕೂಲಿಗಾರರದಾಗಿರಲಿಲ್ಲ. ಮುಂಬಯಿಯ ಹತ್ತಿಯ ಗಿರಣಿಗಳ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಖಂಡತ್ವದಲ್ಲಿ ಹಲವು ವರ್ಷ ಹೋರಾಡಿ, ೧೮೯೦ನೆಯ ಇಸವಿಯಲ್ಲಿ ಭಾನುವಾರದ ಬಿಡುವನ್ನು ಗಿರಣಿಯ ಒಡೆಯರಿಂದ ಪಡೆದುಕೊಂಡರು. ರಜೆಯು ತಾನಾಗಿ ಬಿದ್ದ ಮಳೆಯಲ್ಲ, ಯಾರೋ ಬಾವಿಯಿಂದ ಸೇದಿದ ನೀರು ಎಂಬುದನ್ನು ನಾವು ಮರೆಯಲಾಗದು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಇನ್ನು ಹಬ್ಬದ ಚರಿತ್ರೆ. ರಾಜಧಾನಿಯಲ್ಲಿ ಮಹಾನವಮಿಗೆ ಜನರನ್ನು ಕೂಡಿಸುವ ಸಂಪ್ರದಾಯ ಮೈಸೂರಿಗೆ ವಿಜಯನಗರದಿಂದ ಬಂದುದೆಂಬುದು ಪ್ರಸಿದ್ಧವಾದ ವಿಷಯ. ೧೪೪೩ರಲ್ಲಿ ಪಾರಸೀಕದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನೂ, ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸನೂ ಆ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ರಾಯನ ಅಪ್ಪಣೆಯಂತೆ ದೂರದೂರದ ನಾಯಕರು ತಮ್ಮ ಆನೆ ಕುದುರೆಗಳೊಡನೆ ಬಂದು ಸೇರುತ್ತಿದ್ದರು. ಮಲ್ಲರ ಕಾಳಗ, ನರ್ತನ, ಬಾಣಬಿರುಸುಗಳು ನಡೆಯುತ್ತಿದ್ದವು. ಹಂಪೆಯಲ್ಲಿ ಈಗಲೂ ನಿಂತಿರುವ ಮಹಾನವಮಿ ದಿಬ್ಬವು ಇವುಗಳಿಗೆ ಸಾಕ್ಷಿ. ಅಲ್ಲಿಗೆ ಬಂದವರಲ್ಲಿ ಮುಖ್ಯರಾದವರು ಕರೆ ಬಂದುದರಿಂದ ಬಂದವರು. ನಾಯಕನು ಬಾರದೆ ಉಳಿದರೆ ಅದು ಅವಿಧೇಯತೆಯೆನಿಸುತ್ತಿತ್ತು. ಅದನ್ನು ರಜೆಯೆಂದು ಹೇಳಲಾಗದು, ಅದು ಊಳಿಗ.

ವಿಜಯನಗರವು ಅಳಿದ ಮೇಲೆ, ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ನವರಾತ್ರಿಯನ್ನು ವೈಭವದಿಂದ ನಡೆಸಲಾರಂಭಿಸಿದರು. ಅವರ ತರುವಾಯದ ಕಂಠೀರವ ನರಸರಾಜ ಒಡೆಯರ ಕಾಲದ ಸಂಭ್ರಮವನ್ನು ಗೋವಿಂದವೈದ್ಯನು ತನ್ನ ‘ಕಂಠೀರವ ನರಸರಾಜ ವಿಜಯ’ದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಕವಿಯ ಕಣ್ಣು ಅರಮನೆಯ ಕಡೆಗೂ ಓಲಗದ ಕಡೆಗೂ ತಿರುಗಿರುವುದು ಸಹಜವಾದುದೇ. ಪ್ರವಾಸಿಗಳೂ ಕವಿಗಳೂ ದೊರೆಯ ಸಿಂಹಾಸನಕ್ಕೆ ಎಷ್ಟು ರತ್ನಗಳಿದ್ದುವೆಂದು ನೋಡಿದರು; ನೋಡಬಂದ ಸಂಸಾರಗಳು ರಾತ್ರಿ ಎಲ್ಲಿ ಚಾಪೆ ಹಾಸಿದವೆಂಬುದನ್ನು ನೋಡುವುದು ಅವರ ಕೆಲಸವಾಗಿರಲಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಬಂದಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಸರೆಯೂ ಮೈಸೂರಿನ ಹಬ್ಬವಾಯಿತು. ೧೮೩೧ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿ, ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು. ಅಧಿಕಾರ ಬೆಂಗಳೂರಿನಲ್ಲಿ, ಅರಸು ಮೈಸೂರಿನಲ್ಲಿ. ಹೀಗೆ ಎರಡು ನಗರಗಳ ನಡುವೆ ಸಂಸ್ಥಾನವು ಹಂಚಿಹೋಯಿತು. ಅಂದಿನಿಂದ ಮೈಸೂರು ಕೆಲಸದ ಗದ್ದಲವು ಕಡಿಮೆಯಾದ, ಹಬ್ಬದ ನೆನಪು ಹೆಚ್ಚಾದ ಊರಾಯಿತು. ಅದು ಮುಂದೆ ರಜೆಯ ನಗರವಾಗುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಆದರೂ ಸಂಸಾರಸಮೇತರಾಗಿ ಜನರು ಬರುವುದಕ್ಕೆ ದಾರಿ ಬೇಕಷ್ಟೆ. ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಹೊರಟವರು ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ ನಡೆದು, ದಾರಿಯ ಛತ್ರಗಳಲ್ಲಿ ತಂಗಿ, ನಾಲ್ಕೈದು ದಿನಗಳಿಗೆ ಮೈಸೂರು ಸೇರಬೇಕಾಗಿತ್ತು. ಹೋಗಲು ಐದು ದಿನ, ಬರಲು ಐದು ದಿನ ಬೇಕಾಗುವ ಪ್ರಯಾಣವನ್ನು ಕಚೇರಿಯ ಗುಮಾಸ್ತನು ಕೈಗೊಳ್ಳುವಂತಿರಲಿಲ್ಲ. ೧೮೮೨ರಲ್ಲಿ ಬೆಂಗಳೂರಿನಿಂದ ಹೊರಟ ರೈಲು ಹಾದಿಯು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕ ಮೈಸೂರನ್ನು ಮುಟ್ಟಿತು. ೧೮೯೧ರಲ್ಲಿ ನಂಜನಗೂಡಿಗೂ ಹೋಯಿತು. ಸುಮಾರು ೮೬ ಮೈಲಿಗಳ ದೂರವು ಒಂದು ಹಗಲಿಗೂ ಕಡಿಮೆಯ ಪ್ರಯಾಣವಾಯಿತು. ಇದಕ್ಕೆ ಮೂರು ವರ್ಷ ಮೊದಲು, ೧೮೭೯ರಲ್ಲಿ, ಕಾಲಾಣೆಯ ಅಂಚೆ ಕಾರ್ಡು ಹಿಂದೂದೇಶದಲ್ಲಿ ಬಳಕೆಗೆ ಬಂದಿತ್ತು. ‘ಇಂಥ ದಿನ ಸಂಜೆಯ ಗಾಡಿಗೆ ಆರು ಮಂದಿ ಬರುತ್ತೇವೆ’ ಎಂದು ಎರಡು ಸಾಲು ಗೀಚಿ ಹಾಕಿದರೆ ಸಾಕು, ಮೈಸೂರಿನ ಮನೆಯಲ್ಲಿ ಆರು ಚಾಪೆಗಳನ್ನು ಕೊಡವಿ ಬಿಸಿಲಿಗೆ ಹಾಕುತ್ತಿದ್ದರು. ರೈಲುಗಾಡಿ, ಅಂಚೆ ಕಾರ್ಡು, ಕಚೇರಿಯ ರಜೆ ಈ ಮೂರೂ ಕೂಡಿದುದರಿಂದ ‘ದಸರೆಗೆ ಹೋಗುವುದು’ ಎಂಬ ಹೊಸ ವಾಡಿಕೆ ಮಧ್ಯಮವರ್ಗದವರಲ್ಲಿ ಹುಟ್ಟಿತು.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಅತಿಥಿಗಳೂ ಬರತೊಡಗಿದರು. ೧೮೮೧ರಲ್ಲಿ ಸಂಸ್ಥಾನವು ಮತ್ತೆ ಒಡೆಯರ ವಶಕ್ಕೆ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ತಾಲ್ಲೂಕುಗಳಿಂದ ರೈತರೂ ವರ್ತಕರೂ ಪ್ರತಿನಿಧಿಗಳಾಗಿ ಬಂದರು. ಮೊದಲನೆಯ ಸಭೆಗೆ ಬಂದವರು ೧೪೪ ಮಂದಿ. ಸಭೆಯನ್ನು ದಸರೆಯ ಸಮಯಕ್ಕೇ ಗೊತ್ತುಮಾಡಿದುದು ಬಹು ಜಾಣತನದ ಕೆಲಸ. ಊರಿನ ಕೆರೆಯ ಕೋಡಿ ಒಡೆದುದನ್ನು ದಿವಾನರಿಗೆ ಅರಿಕೆ ಮಾಡಿಕೊಂಡು, ಹಾಗೆಯೇ ಜಂಬೂಸವಾರಿಯನ್ನೂ ನೋಡಿಕೊಂಡು ಹೋಗಬಹುದಾಗಿತ್ತು. ವಿಜಯನಗರದ ನಾಯಕನು ಕಪ್ಪ ಕೊಡಲು ಬರುತ್ತಿದ್ದನು. ಮೈಸೂರಿನ ಪ್ರತಿನಿಧಿಯು ಕಂದಾಯದ ಭಾರವನ್ನು ಹೇಳಿಕೊಳ್ಳಲು ಬರುತ್ತಿದ್ದನು. ಸಭೆಗೆ ಅಧಿಕಾರವು ಸ್ವಲ್ಪವೇ ಇದ್ದಿತೆಂಬುದು ನಿಜ. ಆದರೂ ಒಂದೇ ಹಬ್ಬದ ಮರೆಯಲ್ಲಿ ಎಷ್ಟು ದೊಡ್ಡ ಬದಲಾವಣೆ ನಡೆದುಹೋಯಿತೆಂಬುದನ್ನು ಗಮನಿಸಬೇಕು.

ಬಂದವರು ಒಂದು ದಿನಕ್ಕೆ ಬದಲಾಗಿ ಮೂರು ನಾಲ್ಕು ದಿನ ನಿಲ್ಲುವುದಕ್ಕೆ ಕಾರಣಗಳು ಒಂದೊಂದಾಗಿ ಕೂಡಿಬಂದವು. ೧೮೯೨ರಲ್ಲಿ ಚಾಮರಾಜೇಂದ್ರ ಒಡೆಯರು ಮೃಗಾಲಯವನ್ನು ಸ್ಥಾಪಿಸಿದರು. ೧೮೯೭ರಲ್ಲಿ, ರಾಜಕುಮಾರಿಯ ವಿವಾಹದ ಸಂಭ್ರಮದ ನಡುವೆ, ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಹೊಸ ಅರಮನೆಯು ನಲವತ್ತೊಂದು ಲಕ್ಷಕ್ಕೂ ಮಿಗಿಲಾದ ವೆಚ್ಚದಲ್ಲಿ ೧೯೧೨ರ ಹೊತ್ತಿಗೆ ಮುಗಿಯಿತು. ಅದುವರೆಗೆ ಜಗನ್ಮೋಹನ ಅರಮನೆಯಲ್ಲಿ ದರ್ಬಾರು ನಡೆಯುತ್ತಿತ್ತು. ೧೯೧೫ರಲ್ಲಿ ಅದು ಚಿತ್ರಶಾಲೆಯಾಗಿ ನೋಡುವವರಿಗೆ ಇನ್ನೊಂದು ತಾಣ ದೊರಕಿತು. ೧೯೦೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಸರಾ ವಸ್ತುಪ್ರದರ್ಶನವು ಆರಂಭವಾಯಿತು. ಕೈಗಾರಿಕೆಯ ಸಾಮಾನುಗಳನ್ನೂ ಬೇಸಾಯದ ಹೊಸ ಸಲಕರಣೆಗಳನ್ನೂ ಅಲ್ಲಿ ಜನರು ಕಂಡರು. ಮರುವರ್ಷವೇ, ಎಂದರೆ ೧೯೦೮ರಲ್ಲಿ, ಶಿವನಸಮುದ್ರದಿಂದ ಮೈಸೂರಿಗೆ ವಿದ್ಯುಚ್ಛಕ್ತಿ ಬಂದಿತು. ಹರಳೆಣ್ಣೆಯ ದೀಪದ ಊರುಗಳಿಂದ ಬಂದವರು ಬೀದಿಯ ದೀಪದ ಕೆಳಗೆ ನಿಂತು ಮೇಲೆ ನೋಡಿದರು. ಕಡೆಗೆ ೧೯೩೦ರ ಆಚೀಚೆಗೆ ಕೃಷ್ಣರಾಜಸಾಗರವೂ, ಅದರ ಬುಡದಲ್ಲಿ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಬೆಳೆದ ಬೃಂದಾವನವೂ ಸಿದ್ಧವಾದವು. ಒಂದು ದಿನ ಬೆಟ್ಟಕ್ಕೆ, ಒಂದು ದಿನ ಮೃಗಾಲಯಕ್ಕೆ, ಒಂದು ಸಂಜೆ ಪ್ರದರ್ಶನಕ್ಕೆ, ಇನ್ನೊಂದು ಸಂಜೆ ಬೃಂದಾವನಕ್ಕೆ. ನೆಂಟರ ಕಾರ್ಯಕ್ರಮವು ಈ ಪ್ರಕಾರವಾಗಿ ತಾನೇ ತಯಾರಾಯಿತು.

ಅರಮನೆಯವರು ನೋಡತಕ್ಕ ವಸ್ತುಗಳನ್ನು ಒದಗಿಸಿದರು. ಇಳಿದುಕೊಳ್ಳುವ ಸ್ಥಳವನ್ನು ಒದಗಿಸಿದವರು ಯಾರು? ಯೂರೋಪಿಯನ್ ಅತಿಥಿಗಳಿಗೆ ಬಂಗಲೆಗಳೂ ಡೇರೆಗಳೂ ಇದ್ದವು. ಯಾತ್ರಿಕರಿಗೆ ಛತ್ರಗಳಿದ್ದವು, ನಂಜರಾಜ ಬಹದ್ದೂರ್ ಛತ್ರದ ಹೆಸರನ್ನು ಮೈಸೂರಿನವರೆಲ್ಲರೂ ಬಲ್ಲರು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ರೈತರು ಗಾಡಿಯ ಕೆಳಗೇ ಮಲಗಿ, ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಿದ್ದರು. ಉಳಿದ ದೊಡ್ಡ ಸಮೂಹವನ್ನು ತಾಳಿಕೊಂಡುದು ಮೈಸೂರಿನ ಮನೆಗಳು.

ಈ ಮನೆಗಳಿಗೂ ಒಂದು ಚರಿತ್ರೆಯುಂಟು. ೧೮೯೮ರಲ್ಲಿ ಪ್ಲೇಗು ಸಂಸ್ಥಾನದೊಳಕ್ಕೆ ಕಾಲಿಟ್ಟಿತು. ಇಕ್ಕಟ್ಟಾದ ಕೇರಿಗಳು ಭಯದ ತಾಣಗಳಾದವು. ೧೯೦೩ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಏರ್ಪಟ್ಟು, ಕೋಟೆಯ ಹೊರಗೆ ಅಗಲವಾದ ಬೀದಿಗಳ ಹೊಸ ಬಡಾವಣೆಗಳು ಬೆಳೆದವು. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು, ಕೃಷ್ಣಮೂರ್ತಿಪುರಂ ಮೊದಲಾದ ಕಡೆಗಳಲ್ಲಿ ಹೆಂಚಿನ ಮನೆಗಳೆದ್ದವು. ಮುಂದುಗಡೆ ಜಗಲಿ, ಒಳಗೆ ಹಜಾರ, ನಡುಮನೆ, ಹಿತ್ತಿಲಲ್ಲಿ ಬಾವಿ. ಗಾಳಿ ಬೆಳಕಿಗಾಗಿ ಕಟ್ಟಿದ ಆ ಹಜಾರವು ದಸರೆಯಲ್ಲಿ ನೆಂಟರ ಮಲಗುವ ಮನೆಯಾಯಿತು. ಐದು ಜನರ ಸಂಸಾರವಿದ್ದ ಮನೆಯಲ್ಲಿ ಹಬ್ಬದ ಮೂರು ದಿನ ಇಪ್ಪತ್ತೈದು ಎಲೆ ಹಾಕುವುದು ಯಾರಿಗೂ ಆಶ್ಚರ್ಯದ ಸಂಗತಿಯಾಗಿರಲಿಲ್ಲ.

ಇದು ಬರಿಯ ಔದಾರ್ಯವೆಂದು ತಿಳಿಯಬಾರದು. ಊರಿಗೂ ನಗರಕ್ಕೂ ನಡುವೆ ಒಂದು ಲೆಕ್ಕವಿತ್ತು, ಬರಹಕ್ಕೆ ಬಾರದ ಲೆಕ್ಕ. ನಗರದವನದು ತಿಂಗಳ ಸಂಬಳ, ಊರಿನವನದು ಗದ್ದೆ. ದಸರೆಗೆ ಬರುವ ನೆಂಟನು ಬರಿಗೈಯಲ್ಲಿ ಬರುತ್ತಿರಲಿಲ್ಲ. ಅಕ್ಕಿಯ ಮೂಟೆ, ತೆಂಗಿನಕಾಯಿ, ಅಚ್ಚುಬೆಲ್ಲ, ಹುಣಿಸೆಹಣ್ಣು, ಬೆಣ್ಣೆ ಕಾಯಿಸಿದ ತುಪ್ಪದ ತಂಬಿಗೆ ಅವನೊಡನೆ ರೈಲಿನಿಂದ ಇಳಿಯುತ್ತಿದ್ದವು. ಬೇಸಗೆಯಲ್ಲಿ ನಗರದ ಮಕ್ಕಳು ಅವನ ತೋಟದಲ್ಲಿ ಮಾವು ತಿಂದು ಬೆಳೆಯುತ್ತಿದ್ದರು. ಅವನ ಮಗನು ಮುಂದೆ ಕಾಲೇಜಿಗೆಂದು ಮೈಸೂರಿಗೆ ಬಂದರೆ ಇದೇ ಹಜಾರದ ಮೂಲೆಯಲ್ಲಿ ಅವನ ಪೆಟ್ಟಿಗೆ ಇರುತ್ತಿತ್ತು. ನೆಂಟರಿಲ್ಲದ ಬಡ ಹುಡುಗರಿಗೆ ವಾರಕ್ಕೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ವಾರಾನ್ನವಿತ್ತು. ಆ ಹುಡುಗರಲ್ಲಿ ಕೆಲವರು ದೊಡ್ಡ ಹುದ್ದೆಗಳನ್ನೇರಿದ ಮೇಲೆ ಹೆಂಡತಿಮಕ್ಕಳೊಡನೆ ದಸರೆಗೆ ಬಂದು, ತಮಗೆ ಅನ್ನವಿಕ್ಕಿದ ತಾಯಿಗೆ ನಮಸ್ಕರಿಸಿ ಹೋಗುವುದನ್ನು ನಮ್ಮ ಹಿರಿಯರು ಕಂಡಿದ್ದರು. ಹೀಗಿರುವಲ್ಲಿ ದಸರೆಯ ಊಟವು ಹಳೆಯ ಋಣವನ್ನು ತೀರಿಸುವ ಊಟವೂ ಆಗಿತ್ತು, ಹೊಸ ಋಣವನ್ನು ಕಟ್ಟಿಕೊಳ್ಳುವ ಊಟವೂ ಆಗಿತ್ತು.

ಮನೆಯೊಳಗೂ ಒಂದು ದಸರೆ ನಡೆಯುತ್ತಿತ್ತು. ಪಾಡ್ಯದ ದಿನ ಅಟ್ಟದಿಂದ ಪೆಟ್ಟಿಗೆ ಇಳಿದು ಗೊಂಬೆಗಳು ಹೊರಗೆ ಬರುತ್ತಿದ್ದವು. ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿ. ಕೆಳಗೆ ಮಣ್ಣಿನ ಶೆಟ್ಟಿ, ಶೆಟ್ಟಿಯ ಹೆಂಡತಿ, ಅವರ ಮುಂದೆ ಅಂಗಡಿ. ಇನ್ನೂ ಕೆಳಗೆ ಮಕ್ಕಳು ರಾಗಿ ಚೆಲ್ಲಿ ಬೆಳೆಸಿದ ಹಸುರು ತೋಟ. ಸಂಜೆ ನೆರೆಹೊರೆಯ ಮಕ್ಕಳು ಆರತಿಗೆ ಬಂದು, ಚರುಪಿಗಾಗಿ ಕೈಯೊಡ್ಡುತ್ತಿದ್ದರು. ಅರಮನೆಯ ಸಿಂಹಾಸನಕ್ಕೆ ಪೂಜೆ ನಡೆಯುವಾಗ ಪ್ರತಿಯೊಂದು ಮನೆಯ ಮೂಲೆಯಲ್ಲಿಯೂ ಒಬ್ಬ ಮರದ ರಾಜನೂ ರಾಣಿಯೂ ಪಟ್ಟವನ್ನೇರಿ ಕುಳಿತಿರುತ್ತಿದ್ದರು.

ದರ್ಬಾರಿಗೆ ಪ್ರವೇಶ ದೊರೆತ ಗಂಡಸರು ಕಪ್ಪು ನಿಲುವಂಗಿ, ಬಿಳಿಯ ಶರಾಯಿ, ಜರಿಯ ಪೇಟಗಳನ್ನು ಧರಿಸಬೇಕಾಗಿತ್ತು. ಇಲ್ಲದವರು ಎರವಲು ತರುತ್ತಿದ್ದರು. ಭಾವನ ನಿಲುವಂಗಿ ಮೊಣಕಾಲಿನ ಕೆಳಗೆ ಇಳಿದು, ಷಡ್ಡಕನ ಪೇಟ ಕಿವಿಯ ಮೇಲೆ ಕುಳಿತು, ಅಂತೂ ಮಹಾರಾಜರ ಸಮ್ಮುಖಕ್ಕೆ ಹೋಗಿ ಬರುತ್ತಿದ್ದರು. ಬಂದ ಮೇಲೆ ಒಂದು ವಾರ ಆ ಮಾತೇ. ಸ್ತ್ರೀಯರಿಗೆ ದರ್ಬಾರಿನಲ್ಲಿ ಬಹಿರಂಗವಾದ ಸ್ಥಾನವಿರಲಿಲ್ಲ. ಅರಮನೆಯ ರಾಣಿಯರು ಮೇಲಂತಸ್ತಿನ ಜಾಲಂಧ್ರಗಳ ಹಿಂದಿನಿಂದ ನೋಡುತ್ತಿದ್ದರು. ನಮ್ಮ ಮನೆಗಳ ಸ್ತ್ರೀಯರಿಗೆ ಆ ಜಾಲಂಧ್ರವೂ ಇರಲಿಲ್ಲ.

ಇಲ್ಲಿಗೆ ನಾವು ಮೊದಲು ಕೇಳಿದ ಪ್ರಶ್ನೆಯ ಬಳಿಗೇ ಬಂದೆವು. ಇಪ್ಪತ್ತೈದು ಎಲೆಗೆ ಬಡಿಸುವ ಅನ್ನವು ತಾನಾಗಿ ಬೇಯುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಹಂಡೆಯ ಒಲೆಗೆ ಉರಿ ಹಾಕಿದವರು, ಬಾವಿಯಿಂದ ನೀರು ಸೇದಿದವರು, ಒರಳಿನ ಮುಂದೆ ಕುಳಿತು ರುಬ್ಬಿದವರು, ಮಡಿಯುಟ್ಟು ಹೊಗೆಯಲ್ಲಿ ನಿಂತವರು ಮನೆಯ ಹೆಣ್ಣುಮಕ್ಕಳು. ಎಲ್ಲರಿಗೂ ರಜೆ ಬಂದ ದಿನಗಳೇ ಅವರಿಗೆ ವರ್ಷದಲ್ಲಿ ಅತ್ಯಂತ ಹೆಚ್ಚಿನ ಕೆಲಸದ ದಿನಗಳು. ಗಿರಣಿಯ ಕೂಲಿಗಾರನಿಗೆ ಭಾನುವಾರವನ್ನು ಕೊಡಿಸಲು ಒಬ್ಬ ಲೋಖಂಡೆಯವರಿದ್ದರು. ಅಡುಗೆಮನೆಯ ಪರವಾಗಿ ಅರಿಕೆ ಮಾಡಿಕೊಳ್ಳುವ ಪ್ರತಿನಿಧಿಯು ಯಾವ ದಸರೆಯ ಸಭೆಗೂ ಬರಲಿಲ್ಲ.

ನಮ್ಮ ಸೋದರತ್ತೆಯೊಬ್ಬರ ಮನೆ ಮೈಸೂರಿನಲ್ಲಿತ್ತು. ಅರುವತ್ತು ವರ್ಷಗಳಿಗೂ ಹಿಂದೆ, ಮಹಾರಾಜರೇ ಅಂಬಾರಿಯಲ್ಲಿ ಕುಳಿತು ಬರುತ್ತಿದ್ದ ಕಾಲದಲ್ಲಿ, ನಾವು ಮಕ್ಕಳೆಲ್ಲ ಪ್ರತಿವರ್ಷವೂ ಅಲ್ಲಿಗೆ ಹೋಗುತ್ತಿದ್ದೆವು. ಸವಾರಿಯ ದಿನ ಮಧ್ಯಾಹ್ನದ ಹೊತ್ತಿಗೆ ಮನೆ ಬರಿದಾಗುತ್ತಿತ್ತು. ಒಂದು ವರ್ಷ ನಾವು, ‘ಅತ್ತೆ, ನೀವು ಬರುವುದಿಲ್ಲವೆ?’ ಎಂದು ಕೇಳಿದೆವು. ‘ಸವಾರಿ ನೋಡಿ ಬಂದವರಿಗೆ ಊಟ ಬೇಡವೇನಪ್ಪ? ನೀವು ನೋಡಿಕೊಂಡು ಬನ್ನಿ. ಬಂದು ಹೇಳಿದರೆ ನಾನೂ ನೋಡಿದ ಹಾಗೆಯೇ’ ಎಂದರು. ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ನಾವು ಹತ್ತು ಬಾಯಿಂದ ಹೇಳಿದೆವು. ಒಬ್ಬನು ಕುದುರೆ ಸವಾರರು ಮೊದಲು ಬಂದರೆಂದನು, ಇನ್ನೊಬ್ಬನು ಒಂಟೆಗಳೆಂದನು. ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ತಿದ್ದಿದರು: ಮುಂದೆ ಯಾರು, ಹಿಂದೆ ಯಾರು, ಯಾವ ವಾದ್ಯದವರು ಎಲ್ಲಿ, ಪಟ್ಟದ ಆನೆಗೆ ಎಷ್ಟು ಹೆಜ್ಜೆ ಮುಂದೆ ನಿಶಾನೆಯ ಆನೆ, ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರು. ಮೂವತ್ತು ವರ್ಷ ಆ ಊರಿನಲ್ಲಿದ್ದು ಸವಾರಿಯನ್ನು ಒಂದು ಸಲವೂ ನೋಡದವರು ಅದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಂದು ನಾವು ನಕ್ಕೆವು. ಅವರೂ ನಕ್ಕರು. ಈಗ ನೆನೆದರೆ ನಗು ಬರುವುದಿಲ್ಲ. ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ಬೀದಿಗೆ ಅವರನ್ನು ಒಂದು ವರ್ಷವಾದರೂ ಕರೆದುಕೊಂಡು ಹೋಗಿ ನಿಲ್ಲಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನೆಂಟರ ಮನೆಯ ಬಾಗಿಲು ದೊಡ್ಡದಾಗಿತ್ತು, ನಿಜ. ಆದರೆ ಅದು ತೆರೆಯುತ್ತಿದ್ದುದು ಬಂಧುಗಳಿಗೆ, ಸ್ವಜಾತಿಯವರಿಗೆ, ಬಹುವಾದರೆ ಜಗಲಿಯವರೆಗೆ ಸ್ನೇಹಿತರಿಗೆ. ಛತ್ರಗಳಲ್ಲಿಯೂ ಪಂಕ್ತಿಭೇದವಿತ್ತು. ಸವಾರಿಯ ಬೀದಿಯನ್ನು ಗುಡಿಸಿ ಹಸನುಮಾಡಿದವರು ಯಾವ ಹಜಾರದಲ್ಲಿಯೂ ಮಲಗಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿ, ಅಂಗಡಿ, ಉಪಾಹಾರಗೃಹ, ವಸತಿಗೃಹಗಳ ಬಾಗಿಲನ್ನು ಜಾತಿಯ ಕಾರಣದಿಂದ ಮುಚ್ಚಲಾಗದೆಂದು ವಿಧಿಸಿತು. ಹಣ ತೆತ್ತು ಇಳಿಯುವ ಹೋಟೆಲನ್ನು ನಮ್ಮ ಹಿರಿಯರು ಆದರವಿಲ್ಲದ ಸ್ಥಳವೆಂದು ಹಳಿಯುತ್ತಿದ್ದರು. ಆದರೆ ನೆಂಟರ ಮನೆಯು ಎಂದೂ ಕೇಳದೆ ಬಿಡದಿದ್ದ ಪ್ರಶ್ನೆಯನ್ನು ಕೇಳಲು ಆ ಹೋಟೆಲಿಗೆ ಕಾನೂನಿನ ಅಧಿಕಾರವಿಲ್ಲವಾಯಿತು. ಈ ಗುಣವನ್ನು ನಾವು ಒಪ್ಪಿಕೊಳ್ಳಲೇಬೇಕು.

ಈಚಿನ ಸಂಗತಿಗಳು ಎಲ್ಲರಿಗೂ ತಿಳಿದವೇ. ೧೯೭೧ರಲ್ಲಿ ರಾಜಧನವು ರದ್ದಾಯಿತು. ದಸರೆಯು ರಾಜ್ಯದ ಹಬ್ಬವಾಗಿ ಮುಂದುವರಿಯಿತು. ಸುಮಾರು ೭೫೦ ಕಿಲೋಗ್ರಾಂ ತೂಕದ ಅಂಬಾರಿಯಲ್ಲಿ ಮಹಾರಾಜರಿಗೆ ಬದಲಾಗಿ ಚಾಮುಂಡೇಶ್ವರಿಯ ವಿಗ್ರಹವು ಬಿಜಯಂಗೈಯುತ್ತದೆ. ಹಜಾರದ ಮನೆಗಳಲ್ಲಿ ಅನೇಕವು ಬಿದ್ದು ಮೂರಂತಸ್ತಿನ ಕಟ್ಟಡಗಳಾಗಿವೆ. ನೆಂಟರು ಮೊದಲೇ ಕೋಣೆ ಗೊತ್ತುಮಾಡಿಕೊಂಡು ಬರುತ್ತಾರೆ. ಮನೆಗೆ ಬಂದರೂ ಒಂದು ಹೊತ್ತು ಕಾಫಿ ಕುಡಿದು ಹೊರಡುತ್ತಾರೆ. ‘ನಿಮಗೇಕೆ ತೊಂದರೆ’ ಎಂಬ ಮಾತು ‘ಸಂಜೆಯ ಗಾಡಿಗೆ ಬರುತ್ತೇವೆ’ ಎಂಬ ಮಾತಿನ ಸ್ಥಾನಕ್ಕೆ ಬಂದಿದೆ. ಇದನ್ನು ಕಂಡು ಹಳಬರು ಆತಿಥ್ಯ ಹೋಯಿತೆಂದು ಮರುಗುತ್ತಾರೆ. ಆ ಮರುಕದಲ್ಲಿ ನಾವು ಅರ್ಧದಷ್ಟು ಮಾತ್ರ ಪಾಲುಗೊಳ್ಳಬಲ್ಲೆವು. ಇಪ್ಪತ್ತೈದು ಜನ ಒಂದೇ ಹಜಾರದಲ್ಲಿ ಮಲಗಿ, ದೀಪ ಆರಿಸಿದ ಮೇಲೂ ಪಿಸುಮಾತಿನಲ್ಲಿ ಹರಟುತ್ತಿದ್ದ ಆ ರಾತ್ರಿಗಳು ಮತ್ತೆ ಬಾರವೆಂಬುದಕ್ಕೆ ದುಃಖವಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬರೇ ಎದ್ದು ಒಲೆ ಹಚ್ಚುವವರು ಈಗ ಇನ್ನೂ ಎರಡು ಗಂಟೆ ನಿದ್ರಿಸಬಹುದೆಂಬುದಕ್ಕೆ ದುಃಖಪಡುವ ಕಾರಣವಿಲ್ಲ.

ರಾಜಧಾನಿಯನ್ನು ಕಟ್ಟಿದವರು ಅರಸರು. ಅದರ ಬೀದಿಗಳನ್ನು ಅಗಲಮಾಡಿದವರು ದಿವಾನರು. ಅದಕ್ಕೆ ದೀಪ ಹಚ್ಚಿದವರು ಶಿಲ್ಪಿಗಳೂ ಎಂಜಿನಿಯರುಗಳೂ. ಇವರೆಲ್ಲರ ಹೆಸರು ಚರಿತ್ರೆಯಲ್ಲಿದೆ, ಇರತಕ್ಕುದೇ. ಆದರೆ ಆ ನಗರವನ್ನು ನಮಗೆಲ್ಲ ರಜೆಯ ನಗರವಾಗಿ ಮಾಡಿದವರು, ಬಂದವರಿಗೆ ಚಾಪೆ ಹಾಸಿ, ಎಲೆ ಹಾಕಿ, ತಾವು ಮಾತ್ರ ಬಾಗಿಲಲ್ಲಿ ನಿಂತು ಕಳುಹಿಸಿಕೊಟ್ಟವರು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಈ ಸಲದ ದಸರೆಗೆ ಯಾರ ಮನೆಯಲ್ಲಾದರೂ ಇಳಿದುಕೊಳ್ಳುವವರು ಸವಾರಿಯ ದಿನ ಒಂದು ಹೊತ್ತಿನ ಅಡುಗೆಯನ್ನು ನಿಲ್ಲಿಸಿ, ಆ ಮನೆಯ ಹಿರಿಯ ಹೆಣ್ಣುಮಗಳನ್ನೂ ಕೈಹಿಡಿದು ಬೀದಿಗೆ ಕರೆದುಕೊಂಡು ಹೋಗಲಿ. ಒಂದು ರಾತ್ರಿ ಎಲ್ಲರೂ ಅವಲಕ್ಕಿ ತಿಂದು ಮಲಗಿದರೆ ಆನೆಯೇನೂ ನಡೆಯುವುದನ್ನು ಬಿಡುವುದಿಲ್ಲ.